ಕೋಡಿಗೆ ನಲವತ್ತು ಮಾರು

ಎಂಜಿನ್ ನಿಂತ ಕ್ಷಣ ಕಿವಿಗೆ ಬಿದ್ದದ್ದು ಕೋಡಿ.

ಅಲ್ಲಿಯವರೆಗೆ ಅದರ ಸದ್ದು ಕೇಳಿರಲೇ ಇಲ್ಲ. ಐದು ಎಚ್‌ಪಿಯ ಒಂಟಿ ಸಿಲಿಂಡರ್ ಕಿವಿ ತುಂಬಿತ್ತು, ಉಳಿದ ಜಾಗವನ್ನು ಮಳೆ ತುಂಬಿತ್ತು. ಈಗ ಮಳೆಯ ಅಡಿಯಿಂದ ಇನ್ನೊಂದು ಸದ್ದು ಎದ್ದು ಬಂತು, ಲಾರಿಗಟ್ಟಲೆ ಜಲ್ಲಿಯನ್ನು ಬಿಡುವಿಲ್ಲದೆ ಸುರಿದಂತೆ. ಟಾರ್ಚ್ ಹಾಕಿದೆ. ಕಪ್ಪು ನೀರಿನ ಮೇಲೆ ಜೊಂಡು, ತೆಂಗಿನ ಸೋಗೆ, ಯಾರದೋ ಒಂಟಿ ಚಪ್ಪಲಿ. ಎಲ್ಲವೂ ಒಂದೇ ಕಡೆ ಹೊರಟಿದ್ದವು. ನಮ್ಮ ದೋಣಿಯೂ ಅವುಗಳ ಜೊತೆಗೇ, ಅವುಗಳ ವೇಗದಲ್ಲೇ ಹೋಗುತ್ತಿತ್ತು.

ಮುಂದೆ ಮೊಮ್ಮಗನನ್ನು ಸೆರಗಿನೊಳಗೆ ಎಳೆದುಕೊಂಡು ಕೂತ ಅಜ್ಜಿ. ನಡುವೆ ಕಾಲು ಕಟ್ಟಿದ ಮೂರು ಮೇಕೆ. ಹಿಂದೆ ನಾನು, ಪಕ್ಕದಲ್ಲಿ ಮೀನು ಮಾವ.

"ಯಾಕ್ಲಾ ಅಳಿಯಾ, ನಿಂತೋಯ್ತು?"

"ಕಲ್ಲು ಬಿಡು ಮಾವ. ಮೊದ್ಲು ಕಲ್ಲು ಬಿಡು."

ನೈಲಾನ್ ಹಗ್ಗಕ್ಕೆ ಕಟ್ಟಿದ ಸೈಜುಗಲ್ಲೇ ನಮ್ಮ ಲಂಗರು. ಮಾವ ಅದನ್ನು ಎತ್ತಿ ಹಾಕಿದ. ಹಗ್ಗ ಸರಸರನೆ ಓಡಿ ನಿಂತಿತು. ದೋಣಿ ಮಾತ್ರ ನಿಲ್ಲಲಿಲ್ಲ. ಕೆರೆಯ ತಳದ ಗೋಡು ಬೆಣ್ಣೆಯಷ್ಟು ಮೆತ್ತಗೆ. ಕಲ್ಲು ಅದರಲ್ಲಿ ನೇಗಿಲು ಹೂಡಿದಂತೆ ಸಾಲು ಹೊಡೆಯುತ್ತಾ ನಮ್ಮ ಹಿಂದೆಯೇ ಬರುತ್ತಿತ್ತು.

ಅದು 2024ರ ಅಕ್ಟೋಬರ್. ಚಿತ್ತೆ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ಯಲಹಂಕದ ಕೇಂದ್ರೀಯ ವಿಹಾರದ 603 ಫ್ಲ್ಯಾಟುಗಳ ಅಂಗಳಕ್ಕೆ ದೋಣಿ ಇಳಿಸಿ ಜನರನ್ನು ಸಾಗಿಸಿದ್ದು ಅದೇ ವಾರ. ಅಲ್ಲಿನ ಚಿತ್ರಗಳನ್ನು ಇಡೀ ರಾಜ್ಯ ನೋಡಿತು. ನಮ್ಮ ಕಡೆ ಟಿ.ವಿ. ಬರಲಿಲ್ಲ. ದೇವನಹಳ್ಳಿ ತಾಲ್ಲೂಕು ಮುಗಿದು ಹೊಸಕೋಟೆ ತಾಲ್ಲೂಕು ಶುರುವಾಗುವಲ್ಲಿ, ದಕ್ಷಿಣ ಪಿನಾಕಿನಿಯ ಸಾಲಿಗೆ ಸೇರಿದ ನಡುಗಾತ್ರದ ಒಂದು ಕೆರೆ ಇದೆ. ಇದರ ಕೋಡಿ ನೀರು ಕೆರೆಯಿಂದ ಕೆರೆಗೆ ಇಳಿದು ಕೊನೆಗೆ ಹೊಸಕೋಟೆಯ ದೊಡ್ಡ ಕೆರೆ ಸೇರಬೇಕು. ಅದೇ, ಸುಗಟೂರಿನ ತಮ್ಮೇಗೌಡರ ಕಾಲದ ಊರಿನ ಕೆರೆ. ಏರಿಯೇ ಎರಡು ಮೈಲಿ, ತುಂಬಿದರೆ ಸುತ್ತಳತೆ ಹತ್ತು ಮೈಲಿ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ನಮ್ಮ ಕಡೆಯ ಕೆರೆಗಳಲ್ಲಿ ನೀರು ನಿಲ್ಲುವುದೇ ಅಪರೂಪವಾಗಿ ಒಂದು ತಲೆಮಾರು ಕಳೆದಿತ್ತು. ನೀರಿಲ್ಲದ ಅಂಗಳದಲ್ಲಿ ಜಾಲಿ ಬೆಳೆಯಿತು, ಜಾಲಿಯ ನಡುವಿನ ದಿಬ್ಬದಲ್ಲಿ ಮೇಕೆ ರೊಪ್ಪ ಎದ್ದಿತು, ರೊಪ್ಪದ ಪಕ್ಕ ಒಂದು ಶೀಟಿನ ಮನೆ. ಆ ಮನೆಯಲ್ಲಿದ್ದವರು ಈ ಅಜ್ಜಿ ಮತ್ತು ಹನ್ನೆರಡು ವರ್ಷದ ಮೊಮ್ಮಗ.

ಸಂಜೆ ಏಳಕ್ಕೆ ಹುಡುಗ ಫೋನ್ ಮಾಡಿದ್ದ. ನೀರು ರೊಪ್ಪಕ್ಕೆ ನುಗ್ಗಿದೆ, ಮನೆಯ ಮೆಟ್ಟಿಲಿಗೆ ಬಂದಿದೆ. ಆಮೇಲೆ ಚಾರ್ಜ್ ಮುಗಿಯಿತು. ರಕ್ಷಣೆಯವರಿಗೆ ಊರವರು ತಿಳಿಸಿದರು, ಅವರು ಹೊರಟೂ ಇದ್ದರು. ಆದರೆ ಅವರು ಬರುವ ದಾರಿಯ ಮೋರಿ ಕೊಚ್ಚಿ ಹೋಗಿತ್ತು. ಸುತ್ತು ಹಾಕಿ ಬರಲು ಎರಡು ಗಂಟೆ. ನೀರು ಎರಡು ಗಂಟೆ ಕಾಯುವಂತೆ ಕಾಣಲಿಲ್ಲ. ಊರಲ್ಲಿ ಇದ್ದದ್ದು ಒಂದೇ ದೋಣಿ, ಕೆರೆಯಲ್ಲಿ ಮೀನು ಬಿಟ್ಟಿದ್ದ ಮಾವನ ಹದಿನಾಲ್ಕು ಅಡಿಯ ಫೈಬರ್ ದೋಣಿ. ಅದಕ್ಕೆ ಸೆಕೆಂಡ್ ಹ್ಯಾಂಡ್ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರು.

ಸೂಲಿಬೆಲೆಯಲ್ಲಿ ನನ್ನದು ಸಣ್ಣ ಎಂಜಿನ್‌ಗಳ ರಿಪೇರಿ ಅಂಗಡಿ. ದ್ರಾಕ್ಷಿ ತೋಟದ ಸ್ಪ್ರೇಯರ್, ಹುಲ್ಲು ಕೊಯ್ಯುವ ಮಿಷನ್, ಪೆಟ್ರೋಲ್ ಪಂಪ್‌ಸೆಟ್. ಆದರೆ ಇಪ್ಪತ್ತರ ವಯಸ್ಸಿನಲ್ಲಿ ಎರಡು ವರ್ಷ ಗಂಗೊಳ್ಳಿ ಬಂದರಿನಲ್ಲಿ ಔಟ್‌ಬೋರ್ಡ್ ಬಿಚ್ಚಿ ಕಟ್ಟಿದವನು. ಅಲ್ಲಿಯ ನಾಡದೋಣಿಗಳು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗುತ್ತಿದ್ದವು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಕೆಟ್ಟ ಎಂಜಿನ್ ತಂದವರನ್ನು ಏನಾಗಿದೆ ಎಂದು ಕೇಳುತ್ತಿರಲಿಲ್ಲ. ಹೇಗೆ ನಿಂತಿತು ಎಂದು ಕೇಳುತ್ತಿದ್ದರು. ಪಟ್ಟೆಂದು ನಿಂತಿತೇ? ಹಾಗಿದ್ದರೆ ಕಿಡಿಯ ಕಡೆ ನೋಡು. ಕೆಮ್ಮಿ ಕೆಮ್ಮಿ ನಿಂತಿತೇ? ನೀರು. ನಿಧಾನವಾಗಿ ಸೊರಗಿ ನಿಂತಿತೇ? ಹಸಿವು, ಪೆಟ್ರೋಲ್ ಬರುತ್ತಿಲ್ಲ. ಈ ಮೂರು ಸಾವುಗಳನ್ನು ಗುರುತಿಸಲು ನನಗೆ ಎರಡು ವರ್ಷ ಹಿಡಿಯಿತು. ಆ ರಾತ್ರಿ ಗುರುತಿಸಲು ಇದ್ದದ್ದು ನಿಮಿಷಗಳು.

ಏರಿಯ ಮೇಲೆಯೇ ಮೊದಲ ತೊಡಕು ಕಾದಿತ್ತು. ಲಗೇಜ್ ಆಟೋದಲ್ಲಿ ಮೋಟಾರನ್ನು ಅಡ್ಡ ಮಲಗಿಸಿ ತಂದಿದ್ದರು, ಅದೂ ತಪ್ಪು ಮಗ್ಗುಲಿಗೆ. ಫೋರ್‌ಸ್ಟ್ರೋಕ್ ಮೋಟಾರನ್ನು ಮಲಗಿಸಲು ಒಂದು ಮಗ್ಗುಲು ಎಂದಿರುತ್ತದೆ. ಕಂಪನಿಯವರು ಆ ಕಡೆಗೆ ಗುರುತು ಕೊಟ್ಟಿರುತ್ತಾರೆ. ಬೇರೆ ಕಡೆ ಮಲಗಿಸಿದರೆ ತಳದ ಎಣ್ಣೆ ಮೆಲ್ಲಗೆ ಹರಿದು ಸಿಲಿಂಡರ್ ಸೇರುತ್ತದೆ. ಹಗ್ಗ ಎಳೆದೆ. ಗೋಡೆ ಎಳೆದಂತಾಯಿತು. ಜೊತೆಯಲ್ಲಿದ್ದ ಹುಡುಗರು "ಇಬ್ರೂ ಸೇರಿ ಎಳಿಯೋಣ ಅಣ್ಣ" ಎಂದು ಮುಂದೆ ಬಂದರು. ತಡೆದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ಎಣ್ಣೆಯನ್ನು ಕುಗ್ಗಿಸಲಾಗದು. ಬಲ ಹಾಕಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ಗು ಬಿಚ್ಚಿ, ತೂತಿನ ಮೇಲೆ ಬಟ್ಟೆ ಹಿಡಿದು ಮೆಲ್ಲಗೆ ಎಳೆದೆ. ಎಣ್ಣೆ ಪಿಚಕಾರಿಯಂತೆ ಚಿಮ್ಮಿತು. ಪ್ಲಗ್ಗು ತೊಳೆದು ಒರೆಸಿ ಹಾಕಿದೆ.

ಆಗಲೇ ಎಣ್ಣೆಯ ಕಡ್ಡಿ ಎಳೆದು ನೋಡಿದೆ. ಅಷ್ಟು ಎಣ್ಣೆ ಹೊರಗೆ ಚೆಲ್ಲಿದ ಮೇಲೂ ಮಟ್ಟ ಮೇಲಿನ ಗೆರೆಗಿಂತ ಮೇಲೆ. ಮೂಗಿಗೆ ಹಿಡಿದರೆ ಪೆಟ್ರೋಲಿನ ವಾಸನೆ.

ನಾನು ತಪ್ಪು ಮಾಡಿದ್ದು ಇಲ್ಲಿ. ಮಾವ ಬಲೆ ಬಿಡುವಾಗ ಗಂಟೆಗಟ್ಟಲೆ ಆಮೆಯ ನಡಿಗೆಯಲ್ಲಿ ಓಡಿಸುತ್ತಾನೆ. ಎಂಜಿನ್ ಕಾಯುವುದೇ ಇಲ್ಲ, ಉರಿಯದ ಪೆಟ್ರೋಲ್ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ಜಿನುಗಿ ಎಣ್ಣೆಗೆ ಸೇರಿದೆ ಎಂದು ಲೆಕ್ಕ ಹಾಕಿದೆ. ಸಣ್ಣ ಫೋರ್‌ಸ್ಟ್ರೋಕ್‌ಗಳಲ್ಲಿ ಇದು ಸಾಮಾನ್ಯ, ಮೆಕ್ಯಾನಿಕ್‌ಗಳು ಇದಕ್ಕೆ "ಎಣ್ಣೆ ಮರಿ ಹಾಕಿದೆ" ಎನ್ನುವುದುಂಟು. ಇನ್ನೊಂದು ದಾರಿಯಿಂದಲೂ ಪೆಟ್ರೋಲ್ ಎಣ್ಣೆಗೆ ಸೇರಬಹುದು ಎಂಬುದು ನನಗೆ ಗೊತ್ತಿತ್ತು. ಅದನ್ನು ನೋಡಲು ಐದು ನಿಮಿಷ ಬೇಕಿತ್ತು. ಕೊಡಲಿಲ್ಲ. ಹಳೆಯ ಎಣ್ಣೆ ಇಳಿಸಿ, ಚೀಲದಲ್ಲಿದ್ದ ಲೀಟರ್ ಡಬ್ಬಿಯಿಂದ 450 ಮಿಲಿ 10ಡಬ್ಲ್ಯೂ–30 ಸುರಿದೆ, ಆ ಎಂಜಿನ್ನಿನ ಹೊಟ್ಟೆ ಅಷ್ಟೇ. ಎರಡು ಲೈಫ್ ಜಾಕೆಟ್ ದಿಬ್ಬದವರಿಗೆ ಎಂದು ತೆಗೆದಿಟ್ಟು, ನಾವಿಬ್ಬರೂ ಗಾಳಿ ತುಂಬಿದ ಟ್ಯೂಬ್ ಸೊಂಟಕ್ಕೆ ಕಟ್ಟಿಕೊಂಡೆವು. ಎಂಜಿನ್ ಎರಡನೇ ಎಳೆತಕ್ಕೆ ನೀಲಿ ಹೊಗೆ ಉಗುಳಿ ಹೊತ್ತಿಕೊಂಡಿತು. ಪಕ್ಕದ ತೂತಿನಿಂದ ತಂಪು ಮಾಡುವ ನೀರೂ ಚೆನ್ನಾಗಿಯೇ ಬಂತು. ಹೊರಟೆವು.

ದಿಬ್ಬಕ್ಕೆ ಅರ್ಧ ದಾರಿಯಲ್ಲಿ ಒಮ್ಮೆ ಸೊರಗಿ ನಿಂತಿತು. ಹಸಿವಿನ ಸಾವು. ಪೆಟ್ರೋಲ್ ಟ್ಯಾಂಕಿನ ಮೇಲೆ ಕೈ ಹಾಕಿದೆ. ಅದರ ಮಗ್ಗುಲುಗಳು ಒಳಕ್ಕೆ ಹೀರಿಕೊಂಡಿದ್ದವು. ಆಟೋದಲ್ಲಿ ಚೆಲ್ಲಬಾರದೆಂದು ಮುಚ್ಚಳದ ಗಾಳಿ ತಿರುಪು ಬಿಗಿದಿದ್ದರು, ಬಿಚ್ಚಲು ಮರೆತಿದ್ದೆವು. ಬಿಚ್ಚಿದ ಕೂಡಲೇ ಸುಯ್ಯೆಂದು ಟ್ಯಾಂಕು ಉಸಿರೆಳೆದುಕೊಂಡಿತು. ರಬ್ಬರ್ ಬಲ್ಬು ನಾಲ್ಕು ಸಲ ಹಿಸುಕಿದೆ, ಗಟ್ಟಿಯಾಯಿತು, ಹೊತ್ತಿಕೊಂಡಿತು. ಅಷ್ಟು ಸುಲಭ. ಆ ಸುಲಭವೇ ಧೈರ್ಯ ಕೊಟ್ಟಿತು.

ಶೀಟಿನ ಮನೆಯ ಮೇಲೆ ಕೂತಿದ್ದ ಅಜ್ಜಿ ಮೊದಲು ಹುಡುಗನನ್ನು ಇಳಿಸಿದಳು, ಆಮೇಲೆ ಮೇಕೆಗಳನ್ನು, ಕೊನೆಗೆ ಒಂದು ಪ್ಲಾಸ್ಟಿಕ್ ಬಿಂದಿಗೆಯನ್ನು. "ಬಿಂದಿಗೆ ಯಾಕಜ್ಜಿ?" ಎಂದೆ. "ಇರ್ಲಿ ಮಗಾ, ದೋಣೀಗೆ ನೀರು ಬಂದ್ರೆ ಎತ್ತಾಕೋಕೆ" ಅಂದಳು. ಮೊಮ್ಮಗ ಗಲ್ಲದವರೆಗೆ ನಡುಗುತ್ತಿದ್ದ. ಜಾಕೆಟ್ ಕಟ್ಟುವಾಗ ಅವನ ಕೈ ಮೀನಿನಷ್ಟು ತಣ್ಣಗಿತ್ತು.

ವಾಪಸು ಬರುವಾಗ ಒಳ ಹರಿವು ಜೋರಾಗಿತ್ತು. ಕೆರೆಗೆ ಮೇಲಿನಿಂದ ನುಗ್ಗುವ ನೀರೆಲ್ಲ ಕೋಡಿಯ ಕಡೆಗೆ ಒಂದು ಹೊಳೆಯಾಗಿ ಹರಿಯುತ್ತಿತ್ತು. ಏರಿಯ ತೂಬಿನ ಹತ್ತಿರ ಇಳಿಯಬೇಕಾದರೆ ಆ ಹೊಳೆಯನ್ನು ಅಡ್ಡ ಹಾಯಬೇಕು. ಸರಿಯಾಗಿ ಅದರ ನಡುವೆ ಎಂಜಿನ್ ಕೆಮ್ಮಿತು. ಮತ್ತೆ ಕೆಮ್ಮಿತು. ಚೋಕ್ ಎಳೆದರೆ ಎರಡು ಉಸಿರು ಓಡಿ ಮತ್ತೆ ಕೆಮ್ಮಿತು. ನಿಂತಿತು. ನಾನು ಕೋಡಿಯ ಸದ್ದು ಕೇಳಿದ್ದು ಆಗ.

ಕೋಡಿಗೆ ನೂರು ಮಾರು.

"ಮಾವ, ಟಾರ್ಚ್ ಹಿಡಿ. ಬೀಡಿ ಆರ್ಸು."

ಮುಚ್ಚಳ ತೆಗೆದೆ. ಕೆಮ್ಮಿ ಸತ್ತರೆ ನೀರು. ಕಾರ್ಬೊರೇಟರಿನ ಬಟ್ಟಲ ತಳದ ತಿರುಪು ಸಡಿಲಿಸಿ, ಖಾಲಿ ನೀರಿನ ಬಾಟಲಿಗೆ ಹಿಡಿದೆ. ಮಾವ ಟಾರ್ಚ್ ಹಾಕಿದ. ಬಾಟಲಿಯಲ್ಲಿ ಎರಡು ಪದರ. ಮೇಲೆ ಹಳದಿ, ಕೆಳಗೆ ಮಂಜು ಮಂಜು ಬಿಳಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆಗೂ ಇದಕ್ಕೂ ಒಂದು ನಂಟಿದೆ. 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ನಾವು ನೆಲಮಂಗಲಕ್ಕೆ ಹೋಗುವಾಗ ದಾಟುವ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ. ಮೊದಲ ಹಂತದಲ್ಲಿ 84 ಬಂಕ್‌ಗಳಿಗೆ ಅದು ಹೋಯಿತು. ದಿನಾ ಓಡುವ ಬೈಕಿನಲ್ಲಿ ಬೆರಕೆ ಪೆಟ್ರೋಲ್ ತಂಗುವುದೇ ಇಲ್ಲ, ಹಾಕಿದ್ದು ವಾರದೊಳಗೆ ಉರಿದು ಹೋಗುತ್ತದೆ. ದೋಣಿಯ ಟ್ಯಾಂಕು ಹಾಗಲ್ಲ. ಅದು ತಿಂಗಳುಗಟ್ಟಲೆ ಗುಡಿಸಲಲ್ಲಿ ಕೂರುತ್ತದೆ, ಅರ್ಧ ತುಂಬಿ, ಅರ್ಧ ಗಾಳಿ. ಎಥನಾಲಿಗೆ ನೀರಿನ ಮೇಲೆ ಆಸೆ. ಹಗಲಿನ ಬಿಸಿ, ರಾತ್ರಿಯ ತಂಪಿಗೆ ಟ್ಯಾಂಕು ಉಸಿರಾಡಿದಾಗಲೆಲ್ಲ ಗಾಳಿಯ ತೇವ ಒಳಗೆ ಬರುತ್ತದೆ, ಎಥನಾಲ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತು ಪರ್ಸೆಂಟ್ ಬೆರಕೆಯ ಒಂದು ಲೀಟರ್ ಸುಮಾರು 5 ಮಿಲಿ ನೀರು ತಡೆದೀತು. ಇಪ್ಪತ್ತು ಪರ್ಸೆಂಟಿನದು ಇನ್ನೂ ಹೆಚ್ಚು. ಆ ಮಿತಿ ದಾಟಿದರೆ ಎಥನಾಲ್ ಪೆಟ್ರೋಲಿನ ಕೈಬಿಟ್ಟು ನೀರಿನ ಕೈಹಿಡಿದು ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಹೀರುಕೊಳವೆ ಇರುವುದೂ ಅದೇ ತಳದಲ್ಲಿ. ಎಂಜಿನ್ ಕುಡಿಯುವುದು ಅದನ್ನೇ.

ಮಾವನ ಪೆಟ್ರೋಲು ಹತ್ತು ತಿಂಗಳು ಹಳೆಯದು. ಮೇಲೆ ಅಂದಿನ ಮಳೆ ಬೇರೆ, ನಾನೇ ಬಿಚ್ಚಿದ್ದ ಗಾಳಿ ತಿರುಪಿನ ಮೂಲಕ ಒಳಗೆ ಹನಿದಿತ್ತು.

"ಟ್ಯಾಂಕನ್ನ ಓರೆ ಮಾಡು ಮಾವ. ಪೈಪಿನ ಕಡೆ ಮೇಲೆ ಬರ್ಲಿ, ಆ ಮೂಲೆ ಕೆಳಗೆ."

ಮಾವ ಟ್ಯಾಂಕಿನ ಅಡಿಗೆ ತನ್ನ ಚಪ್ಪಲಿ ತುರುಕಿದ. ನೀರೆಲ್ಲ ಒಂದು ಮೂಲೆಗೆ ಸರಿಯಿತು. ಬಟ್ಟಲು ಖಾಲಿ ಮಾಡಿ, ಬಲ್ಬು ಹಿಸುಕಿ, ಮತ್ತೆ ಖಾಲಿ ಮಾಡಿ, ಹಳದಿ ಮಾತ್ರ ಬರುವವರೆಗೆ ಬಿಟ್ಟು ತಿರುಪು ಬಿಗಿದೆ. ಎಳೆದೆ. ಹೊತ್ತಿಕೊಂಡಿತು! ಹುಡುಗ ಕೂಗಿದ. ದೋಣಿಯ ಮೂತಿ ಏರಿಯ ಕಡೆ ತಿರುಗಿತು. ತೂಬಿನ ಹತ್ತಿರ ಊರವರು ಹಿಡಿದಿದ್ದ ಟ್ರ್ಯಾಕ್ಟರಿನ ದೀಪ ಹತ್ತಿರವಾಗತೊಡಗಿತು.

ಆಮೇಲೆ ಆ ದೀಪ ನಿಂತಲ್ಲೇ ನಿಂತಿತು. ನಿಂತದ್ದು ನಾವು. ಎಂಜಿನ್ ಸೊರಗುತ್ತಿತ್ತು. ನಾನು ಬಲ್ಬು ಹಿಸುಕಿದೆ, ಎದ್ದು ಓಡಿತು. ಬಿಟ್ಟೆ, ಸೊರಗಿತು. ಹಿಸುಕಿದೆ, ಓಡಿತು.

ಬೆನ್ನುಹುರಿಯಲ್ಲಿ ತಣ್ಣಗೆ ಏನೋ ಇಳಿಯಿತು. ಹಿಸುಕಿದರೆ ಬದುಕುತ್ತದೆ, ಬಿಟ್ಟರೆ ಸಾಯುತ್ತದೆ ಎಂದರೆ ಪೆಟ್ರೋಲ್ ಎತ್ತುವ ಪಂಪಿನಲ್ಲಿ ಜೀವ ಇಲ್ಲ ಎಂದು ಅರ್ಥ. ಏರಿಯ ಮೇಲೆ ನಾನು ನೋಡದೆ ಬಿಟ್ಟ ಇನ್ನೊಂದು ದಾರಿ ಇದೇ. ಇಂಥ ಮೋಟಾರಿನ ಪಂಪು ಹೆಡ್ಡಿನ ಮೇಲೇ ಕೂತಿರುತ್ತದೆ. ಒಳಗೆ ರಬ್ಬರಿನ ಒಂದು ತೆಳು ಪರದೆ. ಪರದೆಯ ಒಂದು ಕಡೆ ಪೆಟ್ರೋಲು, ಇನ್ನೊಂದು ಕಡೆ ಎಂಜಿನ್ ಎಣ್ಣೆಯ ಲೋಕ. ಪರದೆ ಹರಿದರೆ ಪೆಟ್ರೋಲ್ ಕಾರ್ಬೊರೇಟರಿಗೆ ಹೋಗುವ ಬದಲು ನೇರ ಎಣ್ಣೆಗೆ ಸುರಿಯುತ್ತದೆ. ಹಳೆಯ ಟೂಸ್ಟ್ರೋಕ್‌ನಲ್ಲಿ ಎಣ್ಣೆಯೂ ಪೆಟ್ರೋಲೂ ಒಂದೇ ಡಬ್ಬಿಯಲ್ಲಿ ಬೆರೆತು ಒಟ್ಟಿಗೇ ಉರಿಯುತ್ತಿದ್ದವು. 1909ರಲ್ಲಿ ಓಲೆ ಎವಿನ್‌ರೂಡ್ ಮಾರುಕಟ್ಟೆಗೆ ತಂದ ಔಟ್‌ಬೋರ್ಡ್‌ನಿಂದ ಹಿಡಿದು ಗಂಗೊಳ್ಳಿಯಲ್ಲಿ ನಾನು ಬಿಚ್ಚಿದವುಗಳವರೆಗೆ ಬಹುಪಾಲು ಆ ಜಾತಿಯವೇ. ಫೋರ್‌ಸ್ಟ್ರೋಕ್‌ನ ಧರ್ಮ ಬೇರೆ. ಇಲ್ಲಿ ಎಣ್ಣೆ ಉರಿಯುವುದಿಲ್ಲ, ಕಾಯುತ್ತದೆ. ಇಬ್ಬರೂ ಭೇಟಿಯಾಗಬಾರದು.

ನಾನು ಬಲ್ಬು ಹಿಸುಕಿದಷ್ಟೂ ಎಂಜಿನ್ ಓಡುತ್ತದೆ. ಹಿಸುಕಿದಷ್ಟೂ ಪೆಟ್ರೋಲು ಎಣ್ಣೆಯನ್ನು ತೆಳುವಾಗಿಸುತ್ತದೆ. ಬದುಕಿಸುವ ಕೈಯೇ ಕೊಲ್ಲುತ್ತಿದೆ.

ಎಣ್ಣೆಯ ಕೆಂಪು ದೀಪ ಹತ್ತಿತು.

ನಿಲ್ಲಿಸಿದೆ. ನಾನೇ. ಮಾವ ಬೈದ. ಅವನಿಗೆ ಬಿಡಿಸಿ ಹೇಳಲು ಸಮಯವಿರಲಿಲ್ಲ. ನೀರಿನಂಥ ಎಣ್ಣೆಯಲ್ಲಿ ಇನ್ನೆರಡು ನಿಮಿಷ ಓಡಿಸಿದರೆ ಎಂಜಿನ್ ಬಿಗಿದುಕೊಳ್ಳುತ್ತದೆ, ಆಮೇಲೆ ಯಾವ ಉಪಾಯವೂ ಇಲ್ಲ. ದೋಣಿ ತಿರುಗಿ ಮತ್ತೆ ಕಸದ ಜೊತೆ ಹೊರಟಿತು. ಕಲ್ಲು ಹಿಂದೆ ಎಳೆಯುತ್ತಾ ಬಂತು. ಎಂಬತ್ತು ಮಾರು. ಅರವತ್ತು. ಈಗ ಕೋಡಿಯ ಕಲ್ಲುಗಳ ಮೇಲೆ ನೀರು ಬಗ್ಗಿ ಇಳಿಯುವ ಅಂಚು ಟಾರ್ಚಿಗೆ ಕಾಣುತ್ತಿತ್ತು, ಎಣ್ಣೆ ಹಚ್ಚಿದ ಬೆನ್ನಿನಂತೆ ನುಣುಪಾಗಿ. ಅದರಾಚೆ ಎರಡಾಳು ಆಳದ ಬೀಳು, ಬೀಳಿನ ತಳದಲ್ಲಿ ಬರೀ ಕಲ್ಲು.

ಜಗ್ಗಿತು.

ಎಲ್ಲರೂ ಮುಂದಕ್ಕೆ ಮುಗ್ಗರಿಸಿದೆವು. ಮೇಕೆ ಅರಚಿತು. ಹಗ್ಗ ತಂತಿಯಾಗಿ ಬಿಗಿದು ಹನಿ ಚಿಮ್ಮಿಸಿತು. ಮುಳುಗಿದ ಜಾಲಿ ಮರವೊಂದು ಕಲ್ಲನ್ನು ಹಿಡಿದುಕೊಂಡಿತ್ತು. ಜಾಲಿಗೆ ನಾವು ಎಷ್ಟು ಶಾಪ ಹಾಕಿದ್ದೇವೆ, ಕೆರೆಗಳನ್ನು ತಿಂದುಹಾಕಿತು ಎಂದು! ಆ ಹೊತ್ತಿಗೆ ನಾಲ್ಕು ಜೀವ ಅದರ ಮುಳ್ಳಿನಲ್ಲಿ ಸಿಕ್ಕಿಕೊಂಡಿತ್ತು.

"ಬೇರು ಗೋಡಲ್ಲಿ ಐತೆ ಕಣ್ಲಾ," ಮಾವ ಹಗ್ಗದ ಮೇಲೆ ಕೈಯಿಟ್ಟು ಹೇಳಿದ. "ಅಲ್ಲಾಡ್ತಾ ಐತೆ. ಬೇಗ."

ಕೋಡಿಗೆ ನಲವತ್ತು ಮಾರು.

ಚೀಲದಲ್ಲಿದ್ದದ್ದು: ಸ್ಪ್ಯಾನರ್‌ಗಳು, ದ್ರಾಕ್ಷಿ ಸ್ಪ್ರೇಯರಿಗೆಂದು ತಂದಿದ್ದ ಎರಡು ಮೊಳ ಪೆಟ್ರೋಲ್ ಪೈಪು, ಅರ್ಧಕ್ಕಿಂತ ಹೆಚ್ಚು ಉಳಿದಿದ್ದ ಎಣ್ಣೆ ಡಬ್ಬಿ, ಮತ್ತು ಹುಲ್ಲು ಕೊಯ್ಯುವ ಮಿಷನ್ನಿಗೆ ನಿನ್ನೆ ಬೆರೆಸಿಟ್ಟ ಮುಕ್ಕಾಲು ಲೀಟರ್ ಪೆಟ್ರೋಲು. ಅದು ಟೂಸ್ಟ್ರೋಕ್‌ನದು, 2ಟಿ ಎಣ್ಣೆ ಬೆರೆತದ್ದು. ಫೋರ್‌ಸ್ಟ್ರೋಕ್‌ಗೆ ಹಾಕಿದರೆ ಸ್ವಲ್ಪ ಹೊಗೆ ಬರುತ್ತದೆ, ಪ್ಲಗ್ಗು ಸ್ವಲ್ಪ ಕಪ್ಪಾಗುತ್ತದೆ, ಅಷ್ಟೇ. ಹೊಸ ಪೆಟ್ರೋಲು, ನೀರು ಮುಟ್ಟದ ಪೆಟ್ರೋಲು. ಅರ್ಧ ವೇಗದಲ್ಲಿ ಅರ್ಧ ಗಂಟೆಗೆ ಧಾರಾಳ. ನಮಗೆ ಬೇಕಿದ್ದದ್ದು ಹತ್ತು ನಿಮಿಷ.

ಮೊದಲು ಎಣ್ಣೆ. ಇಳಿಸುವ ಬೋಲ್ಟು ಮೋಟಾರಿನ ಹೊರಬದಿಯಲ್ಲಿ, ನೀರಿನ ಮೇಲೆ. ಹಿಂದಿನ ಹಲಗೆಯ ಮೇಲೆ ಹೊಟ್ಟೆ ಹಾಕಿ ಬಾಗಿದೆ. ಮಾವ ಸೊಂಟ ಹಿಡಿದ. "ಅಜ್ಜೀ, ಬಿಂದಿಗೆ!" ಬಿಂದಿಗೆಯ ಬಾಯನ್ನು ಅಡಿಗೆ ಒಡ್ಡಿದೆ. ಕೆರೆಗೆ ಬಿಟ್ಟಿದ್ದರೆ ಕೆಲಸ ಬೇಗ ಆಗುತ್ತಿತ್ತು, ನಿಜ. ಆದರೆ ಆ ನೀರನ್ನು ದನಕರು ಕುಡಿಯುತ್ತವೆ, ಮಾವನ ಮೀನು ಅದರಲ್ಲೇ ಇವೆ, ಕೈ ಬರಲಿಲ್ಲ. ಬೋಲ್ಟು ಕೊನೆಯ ಸುತ್ತಿಗೆ ಬಂತು. ಅದು ಜಾರಿ ನೀರಿಗೆ ಬಿದ್ದರೆ ಮುಗಿಯಿತು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆದೆ, ಸುಡುತ್ತಿತ್ತು, ಬಾಯಿಗೆ ಹಾಕಿಕೊಂಡು ಹಲ್ಲಿನಲ್ಲಿ ಕಚ್ಚಿದೆ. ತುಟಿ ಸುಟ್ಟಿತು. ಬಿಡಲಿಲ್ಲ.

ಒಂದು ಗಂಟೆಯ ಹಿಂದೆ ಜೇನಿನಂತೆ ಸುರಿದ ಎಣ್ಣೆ, ಹಾಲಿಲ್ಲದ ಟೀಯಂತೆ ಹರಿದು ಬಂತು. ಹರಿಯಿತು. ಹರಿಯುತ್ತಲೇ ಇತ್ತು. ದೋಣಿ ಮತ್ತೊಮ್ಮೆ ಜಗ್ಗಿತು. ಒಂದು ಮಾರು ಹಿಂದೆ ಸರಿದೆವು, ಮರ ಬಗ್ಗುತ್ತಿದೆ. ಎಣ್ಣೆ ಹನಿಯಾಗುವವರೆಗೆ ಕಾಯದೆ ಬೋಲ್ಟು ಹಾಕಿದೆ. ಎಳೆ ಹತ್ತಲಿಲ್ಲ. ಉಸಿರು ಬಿಟ್ಟು, ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ, ಎಳೆ ಕೂರುವ ಟಕ್ ಎಂಬ ಸದ್ದು ಬೆರಳಿಗೆ ಸಿಕ್ಕ ಮೇಲೆ ಮುಂದಕ್ಕೆ ತಿರುಗಿಸಿದೆ. ಹತ್ತಿತು. ಡಬ್ಬಿಯ ಎಣ್ಣೆಯನ್ನು ಕಡ್ಡಿ ನೋಡದೆ, ಡಬ್ಬಿಯ ಗೆರೆ ನೋಡಿ ಸುರಿದೆ.

ಈಗ ಪಂಪನ್ನೇ ದಾರಿಯಿಂದ ತೆಗೆಯಬೇಕು. ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಕಿತ್ತೆ. ಅದರ ಜಾಗಕ್ಕೆ ಸ್ಪ್ರೇಯರಿನ ಪೈಪು. ಇನ್ನೊಂದು ತುದಿ ಪೆಟ್ರೋಲ್ ಬಾಟಲಿಯ ತಳಕ್ಕೆ.

"ಅಪ್ಪೀ, ಇಲ್ಲಿ ಬಾ. ಈ ಬಾಟ್ಲಿ ನಿನ್ನ ತಲೆ ಎತ್ತರಕ್ಕೆ ಹಿಡ್ಕೊ. ಇಳಿಸ್ಬೇಡ. ಏನೇ ಆದ್ರೂ ಇಳಿಸ್ಬೇಡ."

ಹುಡುಗ ಮೇಕೆಗಳ ಮೇಲೆ ಕಾಲಿಟ್ಟು ಬಂದ. ಎರಡೂ ಕೈಯಲ್ಲಿ ಎತ್ತಿ ಹಿಡಿದ. ಬಾಯಲ್ಲಿ ಹೀರಿದೆ, ಪೆಟ್ರೋಲು ಸುಟ್ಟ ತುಟಿಗೆ ಬಡಿಯಿತು, ಉಗುಳಿ, ಪೈಪನ್ನು ಕಾರ್ಬೊರೇಟರಿಗೆ ತುರುಕಿದೆ. ಎತ್ತರದಿಂದ ಇಳಿಯುವ ಪೆಟ್ರೋಲಿಗೆ ಪಂಪಿನ ಹಂಗಿಲ್ಲ. ಬಟ್ಟಲು ತುಂಬಿದರೆ ಒಳಗಿನ ತೇಲುಬುರುಡೆಯೇ ಬಾಗಿಲು ಮುಚ್ಚುತ್ತದೆ.

ಒಂದು ಎಳೆತ. ಇಲ್ಲ. ಎರಡು. ಇಲ್ಲ. ಮರ ಕಿತ್ತಿತು.

ಶಬ್ದವೇ ಬರಲಿಲ್ಲ, ಹಗ್ಗ ಸಡಿಲವಾಯಿತು ಅಷ್ಟೇ. ಮಾವ "ಅಯ್ಯೋ ಎಲ್ಲಮ್ಮಾ" ಅಂದ. ಮೂರನೇ ಎಳೆತಕ್ಕೆ ಎಂಜಿನ್ ಗುಡುಗಿತು. ಬಿಳಿ ಹೊಗೆ. ಗೇರ್ ಹಾಕಿದೆ. ಮಾವ ಮಚ್ಚಿನಿಂದ ಹಗ್ಗ ಕಡಿದ. ಮರವನ್ನು ಹೊತ್ತು ಹಗ್ಗ ನಮ್ಮನ್ನು ದಾಟಿ ಕೋಡಿಯ ಕಡೆ ಹೋಯಿತು. ದೋಣಿ ನಿಂತಿತು, ನೀರಿನಲ್ಲಿ ನಿಂತೇ ನಡುಗಿತು, ಆಮೇಲೆ ಒಂದೊಂದೇ ಗೇಣು ಮುಂದೆ ಹತ್ತತೊಡಗಿತು.

ಐ‌ವತ್ತು ಮಾರು. ಎಪ್ಪತ್ತು. ಕೆಂಪು ದೀಪ ಹತ್ತಲಿಲ್ಲ. ನಾನು ದೀಪವನ್ನೇ ನೋಡುತ್ತಿದ್ದೆ. ಆಗ ಎಂಜಿನ್ ಮತ್ತೆ ಸೊರಗಿತು.

ತಿರುಗಿ ನೋಡಿದೆ. ಹುಡುಗ ಬಾಟಲಿ ಇಳಿಸಿರಲಿಲ್ಲ. ಅವನ ಪಕ್ಕ ಅಜ್ಜಿ ನಿಂತಿದ್ದಳು. ಮಳೆ ನೀರು ಪೆಟ್ರೋಲಿಗೆ ಬೀಳಬಾರದೆಂದು ಬಾಟಲಿಯ ಬಾಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿದ್ದಳು. ನಾನು ನೀರಿನ ಬಗ್ಗೆ ಬೈದದ್ದನ್ನು ಕೇಳಿಸಿಕೊಂಡು, ತಾನೇ ಯೋಚಿಸಿ ಮಾಡಿದ ಕೆಲಸ.

"ಅಜ್ಜೀ, ಕೈ ತೆಗಿ! ಅದೂ ಉಸಿರಾಡ್ಬೇಕು!"

ತಕ್ಷಣ ತೆಗೆದಳು. ಮರುಕ್ಷಣ ತನ್ನ ಪ್ಲಾಸ್ಟಿಕ್ ಕೊಪ್ಪೆಯನ್ನು ಬಿಚ್ಚಿ ಬಾಟಲಿಯ ಮೇಲೆ ಕೊಡೆಯಂತೆ ಹಿಡಿದಳು. ಗಾಳಿ ಹೋಗುತ್ತದೆ, ಮಳೆ ಬೀಳುವುದಿಲ್ಲ. ಎಂಜಿನ್ ಕೊರಳು ಸರಿಮಾಡಿಕೊಂಡು ಮತ್ತೆ ಎದ್ದಿತು. ಅಜ್ಜಿ ತಾನು ಪೂರ್ತಿ ತೋಯುತ್ತಾ, ತೂಬಿನ ಕಲ್ಲಿಗೆ ದೋಣಿ ತಾಗುವವರೆಗೆ ಹಾಗೇ ನಿಂತಿದ್ದಳು.

ಹತ್ತಿಪ್ಪತ್ತು ಕೈಗಳು ನಮ್ಮನ್ನು ಎಳೆದುಕೊಂಡವು. ಮೇಕೆಗಳನ್ನು ಯಾರೋ ಎತ್ತಿದರು. ಹುಡುಗನ ತೋಳು ಕೆಳಗೆ ಇಳಿಯಲೇ ಇಲ್ಲ, ಸೆಟೆದಿತ್ತು; ಮಾವ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಾಟಲಿ ತೆಗೆದುಕೊಂಡ. ತಳದಲ್ಲಿ ಇನ್ನೂ ನಾಲ್ಕು ಬೆರಳು ಪೆಟ್ರೋಲ್ ಇತ್ತು.

ಎರಡು ದಿನ ಬಿಟ್ಟು ಮೋಟಾರನ್ನು ಅಂಗಡಿಗೆ ತಂದೆವು, ಈ ಸಲ ನಿಲ್ಲಿಸಿಕೊಂಡೇ. ಬಿಂದಿಗೆಯ ಎಣ್ಣೆಯನ್ನು ಅಳೆದೆ. ನಾನು ಹಾಕಿದ್ದು 450 ಮಿಲಿ, ಅದರಲ್ಲಿ ಕೊನೆಯ ಹನಿಗಳು ಇಳಿದೂ ಇರಲಿಲ್ಲ. ಆದರೂ ಬಿಂದಿಗೆಯಲ್ಲಿದ್ದದ್ದು 600ಕ್ಕೆ ಮೇಲೆ. ಪಂಪು ಬಿಚ್ಚಿದೆ. ಪರದೆ ಮೇಲ್ನೋಟಕ್ಕೆ ಚೆನ್ನಾಗೇ ಇತ್ತು. ನಡುವಿನ ಮೊಳೆಯ ಸುತ್ತ ಬೆರಳಿಟ್ಟು ಹಿಗ್ಗಿಸಿದಾಗ ಮಾತ್ರ ಕೂದಲೆಳೆಯಷ್ಟು ಬಿರುಕು ಬಾಯಿ ತೆರೆಯಿತು. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿ, ಒಳಗೆ ಒರೆಸಿ, ಬಲ್ಬಿಗೆ ಮುಂಚೆ ನೀರು ಹಿಡಿಯುವ ಫಿಲ್ಟರ್ ಹಾಕಿದೆ. ಕಾರ್ಬೊರೇಟರಿನ ಸಣ್ಣ ಜೆಟ್ಟಿನ ಅಂಟನ್ನು ತಂತಿ ತೂರಿಸದೆ, ದ್ರವದಲ್ಲಿ ನೆನೆಸಿ ಗಾಳಿ ಹೊಡೆದು ತೆಗೆದೆ. ತಂತಿ ತೂರಿಸಿದರೆ ತೂತು ದೊಡ್ಡದಾಗುತ್ತದೆ. ಹೊಸ ಎಣ್ಣೆ ಹಾಕಿ ಹತ್ತು ನಿಮಿಷ ಓಡಿಸಿ, ಅದನ್ನೂ ಚೆಲ್ಲಿ ಮತ್ತೆ ಹೊಸದು ಹಾಕಿದೆ. ಅಂದು ತೆಳು ಎಣ್ಣೆಯಲ್ಲಿ ಓಡಿದಾಗ ಬೇರಿಂಗ್ ಎಷ್ಟು ಸವೆಯಿತೋ ಅಷ್ಟು ಸವೆಯಿತು. ಕಿವಿಯಿಟ್ಟು ಕೇಳಿದರೆ ಒಂದು ಸಣ್ಣ ಟಕಟಕ ಇದೆ. ಅದನ್ನು ಮಾವನಿಗೆ ಹೇಳಿದೆ. ನಾನು ಐದು ನಿಮಿಷ ಕೊಡದೆ ಹೋದದ್ದನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀ ಹೇಳು" ಅಂದ.

ಸಂಜೆ ಅಜ್ಜಿ ಬಿಂದಿಗೆ ಕೇಳಿಕೊಂಡು ಬಂದಳು. ಸೋಪು ಹಾಕಿ ಮೂರು ಸಲ ತೊಳೆದಿದ್ದೆ, ಆದರೂ ವಾಸನೆ ಹೋಗಿರಲಿಲ್ಲ. ಹೊಸದು ಕೊಡಿಸುತ್ತೇನೆ ಎಂದೆ. ಬೇಡ ಅಂದಳು, ಇದೇ ಇರಲಿ, ಗೊಬ್ಬರಕ್ಕೆ ಆಗುತ್ತದೆ. ಜೊತೆಗೆ ಬಂದಿದ್ದ ಹುಡುಗ ಮೇಜಿನ ಮೇಲಿದ್ದ ಪರದೆಯನ್ನು ಎತ್ತಿ, ನಾನು ಮಾಡಿದಂತೆಯೇ ಹಿಗ್ಗಿಸಿ, ಬಾಗಿಲ ಬೆಳಕಿಗೆ ಹಿಡಿದ. ಬಿರುಕಿನಿಂದ ತೂರಿದ ಬೆಳಕಿನ ಗೆರೆ ಅವನ ಕೆನ್ನೆಯ ಮೇಲೆ ಬಿತ್ತು.

"ಇಷ್ಟೇನಾ ಅಣ್ಣ?"

"ಇಷ್ಟೇ."

ಅವನು ಅದನ್ನು ಜೇಬಿಗೆ ಹಾಕಿಕೊಂಡ. ಮಾವ ಅವನನ್ನು ಕರೆದು ಪೆಟ್ರೋಲ್ ಟ್ಯಾಂಕನ್ನು ಮುಂದಿಟ್ಟ. ಮಾವನಿಗೆ ಬರೆಯಲು ಬರುವುದಿಲ್ಲ. ಹುಡುಗ ನನ್ನ ಬಿಳಿ ಪೇಂಟಿನ ಡಬ್ಬಿಗೆ ಕಡ್ಡಿ ಅದ್ದಿ, ನಾಲಗೆ ಹೊರಗೆ ಚಾಚಿಕೊಂಡು, ಪೆಟ್ರೋಲ್ ತುಂಬಿದ ತಾರೀಕನ್ನು ಅದರ ಮೇಲೆ ದೊಡ್ಡದಾಗಿ ಬರೆದ.